ಸ್ಪ್ಲೈಸರ್‌ಗಿಂತ ಮೊದಲು ಟೇಪು ನೋಡಿ: ಸೂಪರ್ 8, 16 ಎಂಎಂ ಫಿಲ್ಮಿಗೆ ಜಾಯಿಂಟ್ ಹಾಕುವ ಸಾಧನಗಳು

‘ಸ್ಪ್ಲೈಸರ್’ ಎಂದಷ್ಟೇ ಟೈಪ್ ಮಾಡಿ ಹುಡುಕಿದರೆ ನಮ್ಮ ಆನ್‌ಲೈನ್ ಅಂಗಡಿಗಳು ಮೊದಲು ತೋರಿಸುವುದು ಇಂಟರ್‌ನೆಟ್ ಕೇಬಲ್‌ನವರು ಫೈಬರ್ ಬೆಸೆಯಲು ಬಳಸುವ ಯಂತ್ರವನ್ನು. ಅದನ್ನು ದಾಟಿದರೆ ಆಡಿಯೊ ಟೇಪು ಕತ್ತರಿಸುವ ಅಲ್ಯೂಮಿನಿಯಂ ದಿಮ್ಮಿ. ಸಿನಿಮಾ ಫಿಲ್ಮಿನ ಎರಡು ತುದಿ ಕೂಡಿಸುವ ಸಾಧನ ಬೇಕಿದ್ದರೆ ಗೇಜನ್ನೂ (ಸೂಪರ್ 8, 16 ಎಂಎಂ ಎಂಬ ಫಿಲ್ಮಿನ ಅಳತೆಯನ್ನು) ಸೇರಿಸಿ ಹುಡುಕಬೇಕು. ಅಷ್ಟಾದ ಮೇಲೂ ಎದುರಿಗೆ ಬರುವುದು 40–50 ವರ್ಷ ಹಳೆಯ ಮಾಲು. ಅದರಲ್ಲಿ ಅರ್ಧಕ್ಕರ್ಧ ಚೆನ್ನಾಗಿಯೇ ಇರುತ್ತದೆ. ಉಳಿದರ್ಧವನ್ನು ಫೋಟೊ ನೋಡಿಯೇ ಬದಿಗಿಡಬಹುದು. ಹೇಗೆಂಬುದು ಮುಂದಿದೆ.

ಮೊದಲೇ ಹೇಳಿಬಿಡಬೇಕಾದ ಮಾತೊಂದಿದೆ. ಸ್ಪ್ಲೈಸರ್ ಎಂದರೆ ಒಂದು ಅಲಗು, ನಾಲ್ಕಾರು ಪಿನ್ನು, ಒಂದು ಒತ್ತುಹಲಗೆ, ಅಷ್ಟೇ. ಅದು ಸುಲಭಕ್ಕೆ ಸಾಯುವುದಿಲ್ಲ. ಸಾಯುವುದು ಅದಕ್ಕೆ ಬೇಕಾದ ಟೇಪು ಮತ್ತು ಸಿಮೆಂಟು. ಹಾಗಾಗಿ ಯಂತ್ರದ ಹೊಳಪಿಗೆ ಮರುಳಾಗುವ ಮೊದಲು ‘ಇದಕ್ಕೆ ಹಾಕುವ ಟೇಪು ಇವತ್ತು ತಾಜಾ ಸಿಗುತ್ತದೆಯೇ, ಸಿಮೆಂಟಿನ ಬಾಟಲಿ ನಮ್ಮ ಮನೆ ತಲುಪುತ್ತದೆಯೇ’ ಎಂದು ಕೇಳಿಕೊಳ್ಳಿ. ಕೆಳಗಿನ ತೀರ್ಪುಗಳೆಲ್ಲ ನಿಂತಿರುವುದು ಈ ಪ್ರಶ್ನೆಯ ಮೇಲೆ.

ಗೇಜು ತಪ್ಪಿದರೆ ಎಲ್ಲವೂ ತಪ್ಪು

ಹೊರಗಿನಿಂದ 8 ಎಂಎಂ ಎಲ್ಲ ಒಂದೇ ಥರ ಕಾಣುತ್ತದೆ. ಆದರೆ 1932ರಲ್ಲಿ ಕೊಡಾಕ್ ತಂದ ಸ್ಟ್ಯಾಂಡರ್ಡ್ 8ರಲ್ಲಿ ತೂತು ಎರಡು ಫ್ರೇಮುಗಳ ನಡುವಿನ ಗೆರೆಯ ಪಕ್ಕ ಇರುತ್ತದೆ. 1965ರ ಸೂಪರ್ 8ರಲ್ಲಿ ತೂತು ಚಿಕ್ಕದಾಗಿ ಫ್ರೇಮಿನ ನಡುಮಧ್ಯಕ್ಕೆ ಬಂತು. ಒಂದು ತೂತಿನಿಂದ ಇನ್ನೊಂದಕ್ಕಿರುವ ದೂರ ಮೊದಲನೆಯದರಲ್ಲಿ 3.81 ಮಿ.ಮೀ., ಎರಡನೆಯದರಲ್ಲಿ 4.23 ಮಿ.ಮೀ. ಅಗಲ ಒಂದೇ ಆದ್ದರಿಂದ ಒಂದರ ಫಿಲ್ಮು ಇನ್ನೊಂದರ ಸ್ಪ್ಲೈಸರ್‌ನ ಕಾಲುವೆಯಲ್ಲಿ ಸಲೀಸಾಗಿ ಕೂರುತ್ತದೆ, ಪಿನ್ನಿಗೆ ಮಾತ್ರ ಕೂರುವುದಿಲ್ಲ. ಒತ್ತಿ ಕೂರಿಸಿದರೆ ತೂತು ಹರಿಯುತ್ತದೆ.

ಮಾರುವವರು ‘8 ಎಂಎಂ ಸ್ಪ್ಲೈಸರ್’ ಎಂದು ಬರೆದು ಸುಮ್ಮನಾಗುತ್ತಾರೆ. ಯಂತ್ರದ ಮೈಮೇಲಿನ ಅಕ್ಷರದ ಫೋಟೊ ಕೇಳಿ. ಜರ್ಮನ್ ಮಾಲಿನ ಮೇಲೆ ‘ಎನ್8’ ಎಂದಿದ್ದರೆ ನಾರ್ಮಲ್ 8, ಅಂದರೆ ಹಳೆಯ ಸ್ಟ್ಯಾಂಡರ್ಡ್. ‘ಎಸ್8’ ಎಂದಿದ್ದರೆ ಸೂಪರ್. ಎರಡೂ ಬರೆದಿದ್ದರೆ ಪಿನ್ನು ಬದಲಿಸುವ ಗುಂಡಿಯೋ ತಿರುಗುವ ಫಲಕವೋ ಇರುತ್ತದೆ. ಅದು ಎರಡೂ ಕಡೆ ಗಟ್ಟಿಯಾಗಿ ನಿಲ್ಲುತ್ತದೆಯೇ ಎಂದು ಕೇಳಿ ತಿಳಿಯಬೇಕು. ಫೂಜಿಯ ಸಿಂಗಲ್-8ಕ್ಕೆ ಕಾರ್ಟ್ರಿಜ್ ಬೇರೆ, ತೂತಿನ ಅಳತೆ ಸೂಪರ್ 8ರದ್ದೇ. ಅದರ ತೊಡಕು ಬೇರೆ ಕಡೆ ಇದೆ.

ಅಸಿಟೇಟೋ ಪಾಲಿಯೆಸ್ಟರೋ

ಆ ತೊಡಕು ಬೇಸಿನದು, ಅಂದರೆ ಚಿತ್ರದ ಪದರವನ್ನು ಹೊತ್ತ ಪ್ಲಾಸ್ಟಿಕ್ ಪಟ್ಟಿಯದು. ಸಿಂಗಲ್-8 ಪಾಲಿಯೆಸ್ಟರ್ ಬೇಸಿನ ಫಿಲ್ಮು, ತೆಳು ಮತ್ತು ಗಟ್ಟಿ. ಮನೆಮಂದಿಯ ಹಳೆಯ ರೀಲುಗಳಲ್ಲಿ ಹೆಚ್ಚಾಗಿರುವ ಕೊಡಾಕ್ರೋಮ್ ಅಸಿಟೇಟ್. ಇವತ್ತು ಕ್ಯಾಮೆರಾಗೆ ಸಿಗುವ ಕೊಡಾಕ್ ಎಕ್ಟಾಕ್ರೋಮ್ ಮತ್ತು ನೆಗೆಟಿವ್‌ಗಳೂ ಅಸಿಟೇಟೇ. ಆದರೆ ಲ್ಯಾಬಿನಿಂದ ಬರುವ ಈಚಿನ ಪ್ರಿಂಟುಗಳು ಪಾಲಿಯೆಸ್ಟರ್. ವಿಮಾನದಿಂದ ಭೂಚಿತ್ರ ತೆಗೆಯಲು ಮಾಡಿದ ಆಗ್ಫಾ ಫಿಲ್ಮನ್ನು ಸೂಪರ್ 8 ಅಗಲಕ್ಕೆ ಸೀಳಿ ಮಾರಿದ್ದೂ ಪಾಲಿಯೆಸ್ಟರೇ.

ಇದು ಯಾಕೆ ಮುಖ್ಯವೆಂದರೆ, ಫಿಲ್ಮ್ ಸಿಮೆಂಟ್ ಎಂಬುದು ನಾವು ತಿಳಿದ ಅರ್ಥದ ಅಂಟಲ್ಲ. ಅದು ಅಸಿಟೇಟನ್ನು ಕರಗಿಸುವ ದ್ರಾವಕ. ಎರಡು ತುದಿಗಳ ಮೇಲ್ಮೈ ಕರಗಿ ಒಂದರಲ್ಲೊಂದು ಬೆರೆತು ಮತ್ತೆ ಗಟ್ಟಿಯಾದಾಗ ಅದು ಬೆಸುಗೆ. ಪಾಲಿಯೆಸ್ಟರ್ ಅದಕ್ಕೆ ಕರಗುವುದೇ ಇಲ್ಲ. ಸಿಮೆಂಟ್ ಒಣಗಿದಾಗ ಅಂಟಿದಂತೆ ಕಂಡು, ಉಗುರು ತಾಗಿಸಿದರೆ ಸಿಪ್ಪೆಯಂತೆ ಬಿಡುತ್ತದೆ. ಅದಕ್ಕೆ ಟೇಪೇ ಗತಿ. ಅಲ್ಟ್ರಾಸಾನಿಕ್ ಬೆಸುಗೆ ಯಂತ್ರಗಳಿವೆ, ಅವು ಲ್ಯಾಬುಗಳ ಸ್ವತ್ತು. ಹವ್ಯಾಸಿ ಅತ್ತ ನೋಡಬೇಕಿಲ್ಲ.

ಯಾವ ಬೇಸೆಂದು ತಿಳಿಯಲು ಸುತ್ತಿದ ರೀಲನ್ನು ದೀಪದ ಎದುರು ಹಿಡಿದು ಅಡ್ಡಡ್ಡವಾಗಿ, ಸುರುಳಿಯ ಪಕ್ಕದಿಂದ ನೋಡಿ. ಪಾಲಿಯೆಸ್ಟರ್ ಆದರೆ ಸುತ್ತುಗಳ ಅಂಚಿನಿಂದ ಬೆಳಕು ತೂರಿ ಬರುತ್ತದೆ. ಅಸಿಟೇಟ್ ಆದರೆ ಕಪ್ಪಗೆ ನಿಲ್ಲುತ್ತದೆ. ಇನ್ನೂ ಅನುಮಾನವಿದ್ದರೆ ತುದಿಯ ಖಾಲಿ ತುಂಡಿಗೆ ಒಂದು ತೊಟ್ಟು ಸಿಮೆಂಟ್ ಬಿಡಿ. ಅಸಿಟೇಟ್ ಮೆತ್ತಗಾಗಿ ಮುದುಡುತ್ತದೆ, ಪಾಲಿಯೆಸ್ಟರ್ ಕದಲುವುದಿಲ್ಲ. ಕೈಯಿಂದ ಹರಿಯಲು ನೋಡುವುದು ಮೂರನೆಯ ದಾರಿ: ಹರಿಯದೆ ಎಳೆದಂತೆ ಉದ್ದವಾದರೆ ಪಾಲಿಯೆಸ್ಟರ್.

ಎರಡೂ ಬೇಸುಗಳ ರೀಲು ಕೈಗೆ ಬರುವ ಸಾಧ್ಯತೆ ಇದ್ದರೆ ಟೇಪ್ ಸ್ಪ್ಲೈಸರ್ ಕೊಳ್ಳಿ. ಎರಡಕ್ಕೂ ನಡೆಯುವುದು ಅದೊಂದೇ.

ಸಿಐಆರ್: ದುಬಾರಿ, ಆದರೂ ಮೊದಲ ಆಯ್ಕೆ

ಇಟಲಿಯ ಈ ಟೇಪ್ ಸ್ಪ್ಲೈಸರ್‌ನ ಹಿಂದಿರುವವರು ನಿರ್ದೇಶಕ ಫೆಲಿನಿಯ ಚಿತ್ರಗಳ ಸಂಕಲನಕಾರ ಲಿಯೊ ಕಟೊಝೊ. ಇದಕ್ಕಾಗಿ ಅವರಿಗೆ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿಯೂ ಸಂದಿದೆ. ದಿನವಿಡೀ ಮೇಜಿನ ಮುಂದೆ ಕುಳಿತು ಫಿಲ್ಮು ಕತ್ತರಿಸುತ್ತಿದ್ದವರ ಕೈ ಇದರಲ್ಲಿ ಕಾಣುತ್ತದೆ: ಸಾದಾ ಟೇಪಿನ ರೋಲು ಸಾಕು, ತೂತುಗಳನ್ನು ಯಂತ್ರವೇ ಹೊಡೆಯುತ್ತದೆ.

ಕೆಲಸ ಹೀಗೆ. ಮೊದಲ ತುದಿಯನ್ನು ಬದಿಯ ಅಲಗಿನ ಕೆಳಗೆ ಪಿನ್ನಿಗೆ ಕೂರಿಸಿ ಫ್ರೇಮು ಗೆರೆಯ ಮೇಲೆ ಕತ್ತರಿಸಿ. ಎರಡನೆಯದನ್ನೂ ಹಾಗೆಯೇ. ಎರಡನ್ನೂ ನಡುವಿನ ಪಿನ್ನುಗಳ ಮೇಲೆ ತುದಿಗೆ ತುದಿ ತಾಗುವಂತೆ ಇಡಿ. ಒಂದರ ಮೇಲೊಂದು ಏರಬಾರದು, ನಡುವೆ ಬಿರುಕೂ ಕಾಣಬಾರದು. ರೋಲಿನಿಂದ ಟೇಪನ್ನು ಫಿಲ್ಮಿಗೆ ಅಡ್ಡಲಾಗಿ ಎಳೆದು ಮುಂದಿನ ಅಂಚಿಗೆ ಅಂಟಿಸಿ, ಬೆರಳಿನಿಂದ ಸವರಿ. ತಲೆಯನ್ನು ಒಂದೇ ಬಿಗಿಯಲ್ಲಿ ಕೆಳಗೆ ಒತ್ತಿ. ಆಗ ಟೇಪಿನ ಎರಡೂ ಅಂಚು ಕತ್ತರಿಸಿಹೋಗುತ್ತದೆ, ತೂತು ಬೀಳುತ್ತದೆ. ಫಿಲ್ಮು ಎತ್ತಿ ತಿರುಗಿಸಿ, ಇನ್ನೊಂದು ಬದಿಗೂ ಅದನ್ನೇ ಮಾಡಿ. ಕೈ ಪಳಗಿದ ಮೇಲೆ ಅರ್ಧ ನಿಮಿಷದ ಕೆಲಸ. ಒಂದು ಬದಿಗಷ್ಟೇ ಟೇಪು ಹಾಕಿ ಬಿಟ್ಟರೆ ಜಾಯಿಂಟು ಪ್ರೊಜೆಕ್ಟರಿನ ಲೂಪಿನಲ್ಲಿ ಬಾಗಿಲಿನ ಕೀಲಿನಂತೆ ಬಾಯಿ ತೆರೆಯುತ್ತದೆ.

ಲಾಭ ಎರಡು. ಒಂದು, ಫ್ರೇಮು ನಷ್ಟವಿಲ್ಲ. ಕತ್ತರಿಸಿದ್ದು ಗೆರೆಯ ಮೇಲೆ, ಕೂಡಿಸಿದ್ದೂ ಗೆರೆಯ ಮೇಲೆ. ನಾಳೆ ಮನಸ್ಸು ಬದಲಾದರೆ ಟೇಪು ಕಿತ್ತು ಹಿಂದಿನಂತೆ ಸೇರಿಸಬಹುದು. ಎರಡು, ಟೇಪು ಉಳಿದವುಗಳಿಗಿಂತ ಅಗ್ಗ. 16 ಎಂಎಂನಲ್ಲಿ ಅಂಚಿನ ಪೋಲೂ ಸೇರಿ ಬದಿಗೆ ಮೂರೂವರೆ ಸೆಂಟಿಮೀಟರು ಹಿಡಿದರೂ, 20 ಮೀಟರಿನ ರೋಲಿನಲ್ಲಿ 280 ಜಾಯಿಂಟು ದಾಟುತ್ತದೆ. ಒಬ್ಬ ಹವ್ಯಾಸಿಗೆ ಎರಡು ಮೂರು ವರ್ಷಕ್ಕೆ ಧಾರಾಳ.

ಇನ್ನು ತಪ್ಪುವ ಜಾಗಗಳು. 16 ಎಂಎಂ ಸಿಐಆರ್ ಎರಡು ಬಗೆ: ಒಂದೇ ಸಾಲು ತೂತು ಹೊಡೆಯುವುದು, ಎರಡೂ ಸಾಲು ಹೊಡೆಯುವುದು. ಧ್ವನಿಯ 16 ಎಂಎಂ ಪ್ರಿಂಟಿನಲ್ಲಿ ಒಂದು ಅಂಚಿನಲ್ಲಷ್ಟೇ ತೂತು. ಇನ್ನೊಂದು ಅಂಚಿನಲ್ಲಿ ಸೌಂಡ್‌ಟ್ರ್ಯಾಕು. ಎರಡು ಸಾಲಿನ ಯಂತ್ರದಲ್ಲಿ ಅದನ್ನಿಟ್ಟು ಒತ್ತಿದರೆ ಸೌಂಡ್‌ಟ್ರ್ಯಾಕಿನ ಮೈಮೇಲೇ ತೂತು ಬೀಳುತ್ತದೆ. ಸ್ಪೀಕರಿನಲ್ಲಿ ಪಟ್ ಪಟ್ ಕೇಳುವುದಿರಲಿ, ಫಿಲ್ಮೇ ಹಾಳು. ತಿರುಗಾಮುರುಗಾ ಅಷ್ಟು ಅಪಾಯವಿಲ್ಲ: ಒಂದು ಸಾಲಿನ ಯಂತ್ರದಲ್ಲಿ ಎರಡು ಸಾಲಿನ ಮೂಕ ಫಿಲ್ಮು ಹಾಕಿದರೆ ಒಂದು ಬದಿಯ ತೂತು ಟೇಪಿನಿಂದ ಮುಚ್ಚಿಹೋಗುತ್ತದೆ. ಧ್ವನಿಯ ಪ್ರೊಜೆಕ್ಟರಿನಲ್ಲಿ ಅದು ಓಡುತ್ತದೆ, ಎರಡೂ ಬದಿ ಹಲ್ಲಿರುವ ಹಳೆಯ ಮೂಕ ಪ್ರೊಜೆಕ್ಟರಿನಲ್ಲಿ ಎಗರುತ್ತದೆ. ಹಾಗಾಗಿ ಕೊಳ್ಳುವುದಾದರೆ ಒಂದು ಸಾಲಿನದನ್ನೇ ಕೊಳ್ಳಿ.

ಹಳೆಯ ಸಿಐಆರ್‌ನಲ್ಲಿ ಮೊದಲು ಸವೆಯುವುದು ತೂತು ಹೊಡೆಯುವ ಪಂಚುಗಳು. ಸವೆದ ಪಂಚು ಟೇಪನ್ನು ಪೂರ್ತಿ ಕತ್ತರಿಸದೆ ಒಂದು ಮೂಲೆಯಲ್ಲಿ ಬಿಡುತ್ತದೆ. ಆ ಚೂರು ಕಿಟಕಿಯ ಬಾಗಿಲಿನಂತೆ ನೇತಾಡುತ್ತಾ ಹೋಗಿ ಪ್ರೊಜೆಕ್ಟರಿನ ಗೇಟಿನಲ್ಲಿ, ಅಂದರೆ ಫಿಲ್ಮು ಬೆಳಕಿನೆದುರು ಹಾಯುವ ಸಂದಿನಲ್ಲಿ, ಸಿಕ್ಕಿಕೊಳ್ಳುತ್ತದೆ. ಎರಡನೆಯದು ಅಂಚು ಕತ್ತರಿಸುವ ಅಲಗು. ಅದು ಮೊಂಡಾದರೆ ಟೇಪು ಫಿಲ್ಮಿನ ಅಗಲವನ್ನು ಕೂದಲೆಳೆಯಷ್ಟು ಮೀರಿ ಉಳಿಯುತ್ತದೆ. ಕಣ್ಣಿಗೆ ಕಾಣದಿದ್ದರೂ ಬೆರಳ ತುದಿಗೆ ಜಿಗುಟು ಗೊತ್ತಾಗುತ್ತದೆ. ಗೇಟಿನ ಬದಿಗೆ ಅದು ಒತ್ತಿದ ಕ್ಷಣ ಚಿತ್ರ ಜಿಗಿಯುತ್ತದೆ. ಮಾರುವವರ ಬಳಿ ಒಂದು ಜಾಯಿಂಟು ಹಾಕಿಸಿ ಹತ್ತಿರದಿಂದ ಫೋಟೊ ತರಿಸಿ. ತೂತಿನ ನಾಲ್ಕು ಮೂಲೆಯೂ ಚೊಕ್ಕವಾಗಿದ್ದರೆ ಮುಂದಿನ ಮಾತು. ‘ಟೇಪು ಇಲ್ಲ, ಪರೀಕ್ಷಿಸಿಲ್ಲ’ ಎಂಬ ಉತ್ತರ ಬಂದರೆ ಬೆಲೆ ಅರ್ಧಕ್ಕಿಳಿಯಬೇಕು, ಇಲ್ಲವೇ ಬಿಡಬೇಕು. ಪಂಚು ಸವೆದ ಸಿಐಆರ್ ಕಾಗದದ ಮೇಲಿಡುವ ಭಾರದ ಕಲ್ಲಿಗೆ ಸಮ.

ಅಲಗನ್ನು ಮನೆಯಲ್ಲಿ ಸಾಣೆ ಹಿಡಿಯಲು ಹೋಗಬೇಡಿ. ಅದು ಕತ್ತರಿಯಂತೆ ಎದುರು ಅಂಚಿಗೆ ಉಜ್ಜಿ ಕತ್ತರಿಸುವ ಅಲಗು. ಒಂದಿಷ್ಟು ಹೆಚ್ಚು ತೇಯ್ದರೂ ನಡುವೆ ಸಂದು ಬಿದ್ದು ಫಿಲ್ಮು ಕತ್ತರಿಸುವ ಬದಲು ಮಡಚಿಕೊಳ್ಳುತ್ತದೆ. ಮೊಂಡಾಗಿದೆಯೋ ಇಲ್ಲವೋ ತಿಳಿಯಲು ಒಂದು ಪದರ ಟಿಶ್ಯೂ ಕಾಗದ ಇಟ್ಟು ಕತ್ತರಿಸಿ ನೋಡಿ, ಹರಿದರೆ ಮೊಂಡು.

ಬೆಲೆಯ ವಿಷಯ: ಹೊಸ ಸಿಐಆರ್‌ಗೆ ಕೊಡುವ ಹಣದಲ್ಲಿ ಹಳೆಯ ಸೂಪರ್ 8 ಸಿಮೆಂಟ್ ಸ್ಪ್ಲೈಸರ್ ಎಂಟು ಹತ್ತು ಬರುತ್ತವೆ. ಸೆಕೆಂಡ್‌ಹ್ಯಾಂಡಿನಲ್ಲೂ ಇದು ಬೆಲೆ ಬಿಟ್ಟುಕೊಡುವ ಮಾಲಲ್ಲ. ವರ್ಷಕ್ಕೆ ಐದಾರು ಜಾಯಿಂಟು ಹಾಕುವವರಿಗೆ ಅತಿಯಾಯಿತು. ಮನೆಯ ಐವತ್ತು ರೀಲು ಸ್ಕ್ಯಾನಿಗೆ ಸಿದ್ಧಪಡಿಸುವವರಿಗೆ, ಸ್ವಂತ ಚಿತ್ರ ಕತ್ತರಿಸುವವರಿಗೆ ಇದೇ ಸರಿ.

ಸಿಮೆಂಟ್ ಸ್ಪ್ಲೈಸರ್: ಕಾಸಿಗೆ ಸಿಗುವುದು, ಕಷ್ಟಕ್ಕೆ ಒಗ್ಗುವುದು

ಹಾಮಾ, ಬೋಲೆಕ್ಸ್, ಯೂಮಿಗ್, ಸೀಮೆನ್ಸ್, ಆಗ್ಫಾ ಇವೆಲ್ಲ ಹವ್ಯಾಸಿಗಳಿಗೆಂದೇ ಮಾಡಿದವು, ಯುರೋಪಿನ ಅಟ್ಟಗಳಲ್ಲಿ ರಾಶಿಬಿದ್ದಿವೆ. ಅಮೆರಿಕದ ಪೋರ್ಟ್ ಜೆಫರ್ಸನ್ನಿನಲ್ಲಿ ತಯಾರಾದ ಗ್ರಿಸ್ವೊಲ್ಡ್ ಎರಕದ ಕಬ್ಬಿಣದ್ದು, ಕೈಜಾರಿ ಬಿದ್ದರೆ ನೆಲದ ಟೈಲ್ಸ್ ಒಡೆಯಬೇಕೇ ಹೊರತು ಅದಕ್ಕೇನೂ ಆಗದು. ಇವುಗಳಲ್ಲಿ ನಮ್ಮ ಆಯ್ಕೆ ಇಳಿಜಾರು ತೇಯುವ ಬಗೆ. ಸಾದಾ ಬಗೆಯಲ್ಲಿ ಒಂದರ ಮೇಲೊಂದು ಕೂತ ಜಾಗ ಎರಡು ಪಟ್ಟು ದಪ್ಪ; ಗೇಟಿನಲ್ಲಿ ಹಾಯುವಾಗ ಫೋಕಸ್ ಒಮ್ಮೆ ಮಿಸುಕುತ್ತದೆ, ಸದ್ದೂ ಕೇಳುತ್ತದೆ. ಇಳಿಜಾರು ಬಗೆಯಲ್ಲಿ ಎರಡೂ ತುದಿಗಳನ್ನು ಓರೆಯಾಗಿ ತೇಯುವುದರಿಂದ ಬೆಸುಗೆಯ ದಪ್ಪ ಹೆಚ್ಚುಕಡಿಮೆ ಫಿಲ್ಮಿನಷ್ಟೇ. ಬೋಲೆಕ್ಸ್ ಮತ್ತು ಯೂಮಿಗ್‌ನವು ಈ ಸಾಲಿನವು.

ಬ್ಯಾಟರಿಯ ಮೋಟರು ತೇಯುವ ಯಂತ್ರಗಳೂ ಇವೆ. ಚಂದ ಕಾಣುತ್ತವೆ, ಕೆಲಸವೂ ಸರಾಗ. ಆದರೆ ಬ್ಯಾಟರಿ ಒಳಗೇ ಬಿಟ್ಟು ಮೂವತ್ತು ವರ್ಷ ಮರೆತವೇ ಹೆಚ್ಚು. ಬ್ಯಾಟರಿ ಗೂಡಿನ ಫೋಟೊದಲ್ಲಿ ಹಸಿರು ಬಿಳಿ ಪುಡಿ ಕಂಡರೆ ಒಳಗಿನ ತಂತಿ ಮತ್ತು ಪಟ್ಟಿ ತಿಂದುಹೋಗಿವೆ ಎಂದೇ ತಿಳಿಯಿರಿ. ತೇಯುವ ಚಕ್ರ ಸವೆದರೆ ಬದಲಿ ಸಿಗುವುದು ಅಪರೂಪ. ಕೈಯಿಂದ ತೇಯುವ ಯಂತ್ರದ ಒರಟು ಪಟ್ಟಿ ಸವೆದರೆ ನಯವಾದ ಎಮರಿ ಕಾಗದ ಕತ್ತರಿಸಿ ಅಂಟಿಸಿ ಕೆಲಸ ಸಾಗಿಸಬಹುದು. ಹಾಗಾಗಿ ಕೈಯದ್ದೇ ವಾಸಿ.

ಬೆಸುಗೆ ನಿಲ್ಲುವುದೋ ಬಿಡುವುದೋ ತೀರ್ಮಾನವಾಗುವುದು ಎಮಲ್ಷನ್ (ಬೇಸಿನ ಮೇಲಿನ ಚಿತ್ರದ ಪದರ) ಕೆರೆಯುವಾಗ. ಫಿಲ್ಮಿನ ಎಮಲ್ಷನ್ ಬದಿ ಮೇಲೆ ಬರುವಂತೆ ಇಟ್ಟು, ಕತ್ತರಿಸಿ, ಬೆಸುಗೆಗೆ ಬರುವ ಸುಮಾರು 2 ಮಿ.ಮೀ. ಪಟ್ಟಿಯನ್ನು ಕೆರೆಯಬೇಕು. ಒಂದೇ ಸಲ ಒತ್ತಿ ಎಳೆಯದೆ, ಹಗುರವಾಗಿ ಒಂದೇ ದಿಕ್ಕಿಗೆ ಏಳೆಂಟು ಸಲ ಎಳೆಯಿರಿ. ಮೊದಲು ಬಣ್ಣ ಹೋಗುತ್ತದೆ, ಪಟ್ಟಿ ಪಾರದರ್ಶಕವಾಗಿ ಕಾಣುತ್ತದೆ. ಹೆಚ್ಚಿನವರು ಇಲ್ಲಿ ನಿಲ್ಲಿಸಿಬಿಡುತ್ತಾರೆ, ತಪ್ಪಾಗುವುದೂ ಇಲ್ಲಿಯೇ. ಬಣ್ಣ ಹೋದ ಮೇಲೂ ತೆಳ್ಳಗಿನ ಜೆಲಾಟಿನ್ ಪೊರೆ ಉಳಿದಿರುತ್ತದೆ. ಅದರ ಮೇಲೆ ಸಿಮೆಂಟ್ ಹಚ್ಚಿದರೆ ಬೆಸುಗೆಯಾಗುವುದು ಪೊರೆಗೆ, ಬೇಸಿಗಲ್ಲ. ದೀಪಕ್ಕೆ ಓರೆಯಾಗಿ ಹಿಡಿದಾಗ ಪಟ್ಟಿ ಎಲ್ಲ ಕಡೆ ಒಂದೇ ಸಮ ಮಾಸಲಾಗಿ ಕಂಡರೆ ಬೇಸು ತಲುಪಿದ ಗುರುತು. ನಡುನಡುವೆ ಹೊಳೆಯುವ ಚುಕ್ಕೆ ಇದ್ದರೆ ಇನ್ನೂ ಎರಡು ಎಳೆತ. ಎದುರು ತುದಿಯ ಬೇಸಿನ ಬದಿಯನ್ನೂ ಒಂದೆರಡು ಸಲ ಹಗುರವಾಗಿ ಉಜ್ಜಿ; ಅಲ್ಲಿ ಹಳೆಯ ಎಣ್ಣೆ, ಮೇಣ, ಕೈಜಿಡ್ಡು ಇರುತ್ತದೆ.

ಸಿಮೆಂಟನ್ನು ಕುಂಚದಲ್ಲಿ ಒಂದೇ ಎಳೆತಕ್ಕೆ ಸವರಿ, ಮರುಕ್ಷಣ ಮುಚ್ಚಿ ಒತ್ತಿ. ಎರಡು ಸೆಕೆಂಡು ತಡೆದರೆ ದ್ರಾವಕ ಹಾರಿಹೋಗಿರುತ್ತದೆ. ಅರ್ಧ ನಿಮಿಷ ಒತ್ತಿ ಹಿಡಿದು, ತೆರೆದು, ಹೊರಬಂದದ್ದನ್ನು ಬಟ್ಟೆಯಿಂದ ಒರೆಸಿ. ಜಾಯಿಂಟನ್ನು ಮೆಲ್ಲಗೆ ತಿರುಚಿ ನೋಡಿ. ಒಳಗೆ ಬಿಳಿ ಗುಳ್ಳೆಗಳಿದ್ದರೆ ಸಿಮೆಂಟ್ ಸಾಲದು ಅಥವಾ ಮುಚ್ಚಲು ತಡವಾಯಿತು. ಫಿಲ್ಮು ಸೊಟ್ಟಗಾದರೆ ಸಿಮೆಂಟ್ ಹೆಚ್ಚಾಯಿತು. ಪಾರದರ್ಶಕ ಪೊರೆಯೊಂದು ಎದ್ದು ಬಂದರೆ ಕೆರೆದದ್ದು ಸಾಲದು. ಕೆರೆದ ಗೆರೆಯಲ್ಲೇ ಪಟ್ಟನೆ ಮುರಿದರೆ ಕೆರೆದದ್ದು ಹೆಚ್ಚಾಯಿತು.

ಮಂಗಳೂರು, ಉಡುಪಿ ಕಡೆಯವರು ಆಷಾಢ ಶ್ರಾವಣದಲ್ಲಿ ಸಿಮೆಂಟ್ ಕೆಲಸ ಮುಂದಕ್ಕೆ ಹಾಕುವುದೇ ಒಳ್ಳೆಯದು. ದ್ರಾವಕ ಹಾರುವಾಗ ಆ ಜಾಗ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿ ಕೂತು ಬೆಸುಗೆ ಹಾಲಿನಂತೆ ಬೆಳ್ಳಗಾಗುತ್ತದೆ. ಎಮಲ್ಷನ್ ಕೂಡ ತೇವ ಹೀರಿ ಮೆತ್ತಗಾಗಿ, ಪುಡಿಯಾಗಿ ಉದುರುವ ಬದಲು ಅಲಗಿಗೆ ಮೆತ್ತಿಕೊಳ್ಳುತ್ತದೆ.

ಇನ್ನು ಸಿಮೆಂಟಿನ ಸರಬರಾಜು. ಅದರಲ್ಲಿರುವುದು ಅಸಿಟೋನು, ಡೈಕ್ಲೋರೊಮೀಥೇನಿನಂಥ ದ್ರಾವಕಗಳು. ಬೆಂಕಿಗೆ ಹತ್ತುವ ಸರಕೆಂದು ವಿಮಾನದ ಟಪಾಲಿನಲ್ಲಿ ತಡೆಯುತ್ತಾರೆ. ಡೈಕ್ಲೋರೊಮೀಥೇನನ್ನು ಜನಸಾಮಾನ್ಯರ ಬಳಕೆಗೆ ಮಾರುವುದನ್ನು ಅಮೆರಿಕ 2024ರ ನಿಯಮದಲ್ಲಿ ಬಹುಮಟ್ಟಿಗೆ ನಿಷೇಧಿಸಿದೆ. ಯಂತ್ರದ ಜೊತೆ ‘ಉಚಿತವಾಗಿ’ ಬರುವ ಹಳೆಯ ಬಾಟಲಿ ತೆರೆದರೆ ಜೇನಿನಷ್ಟು ಗಟ್ಟಿ. ಅದನ್ನು ಅಸಿಟೋನಿನಲ್ಲಿ ತೆಳುಮಾಡಿದರೂ ಬೆಸುಗೆ ನಿಲ್ಲುವುದಿಲ್ಲ, ಯಾಕೆಂದರೆ ಹಾರಿಹೋಗಿರುವುದು ಅದೊಂದೇ ಅಲ್ಲ. ತಾಜಾ ಬಾಟಲಿ ಸಿಕ್ಕರೆ ಚಿಕ್ಕ ಸೀಸೆಗೆ ಸ್ವಲ್ಪವೇ ಸುರಿದುಕೊಂಡು ಕೆಲಸ ಮಾಡಿ, ದೊಡ್ಡದನ್ನು ಬಿಗಿಯಾಗಿ ಮುಚ್ಚಿಡಿ. ಕಿಟಕಿ ತೆರೆದಿರಲಿ, ಫ್ಯಾನಿನ ಗಾಳಿ ಮಾತ್ರ ನೇರ ಮೇಜಿಗೆ ಬೇಡ.

ಸಿಮೆಂಟ್ ಬೆಸುಗೆಯಲ್ಲಿ ಪ್ರತಿ ಸಲವೂ ಫ್ರೇಮು ಹೋಗುತ್ತದೆ, ಹೋದದ್ದು ವಾಪಸು ಬರುವುದಿಲ್ಲ. ಎಲ್ಲಿ ಕತ್ತರಿಸಬೇಕೆಂದು ಇನ್ನೂ ಗಟ್ಟಿಯಾಗದ ಚಿತ್ರಕ್ಕೆ, ಅಜ್ಜನ ಕಾಲದ ಒಂದೇ ಪ್ರತಿ ಇರುವ ರೀಲಿಗೆ ಇದು ಬೇಡ. ಆದರೆ ಮುಗಿದ ಅಸಿಟೇಟ್ ಚಿತ್ರವನ್ನು ಮತ್ತೆ ಮತ್ತೆ ಪ್ರೊಜೆಕ್ಟ್ ಮಾಡುವವರಿಗೆ, 16 ಎಂಎಂ ನೆಗೆಟಿವನ್ನು ಎ-ಬಿ ರೋಲು ಮಾಡಿ (ಶಾಟುಗಳನ್ನು ಒಂದು ಬಿಟ್ಟು ಒಂದರಂತೆ ಎರಡು ರೋಲಿಗೆ ಹಂಚಿ, ನಡುವೆ ಕಪ್ಪು ಫಿಲ್ಮು ಅಂದರೆ ಲೀಡರು ಸೇರಿಸಿ) ಪ್ರಿಂಟಿಗೆ ಕೊಡುವವರಿಗೆ ಸಿಮೆಂಟೇ ಬೇಕು. ಎ-ಬಿ ರೋಲಿನಲ್ಲಿ ಕೆರೆದ ಪಟ್ಟಿ ಕಪ್ಪು ಲೀಡರಿನ ಬದಿಗೆ ಹೋಗುವುದರಿಂದ ಪರದೆಯ ಮೇಲೆ ಜಾಯಿಂಟೇ ಕಾಣದು. ಆ ಮಟ್ಟದ ಕೆಲಸಕ್ಕೆ ಮೇಯರ್-ಹ್ಯಾಂಕಾಕ್‌ನಂಥ ಬಿಸಿ ಸ್ಪ್ಲೈಸರ್ ಉಂಟು. ತಟ್ಟೆ ಬೆಚ್ಚಗಿದ್ದು ಬೆಸುಗೆ ಬೇಗ ಕೂಡುತ್ತದೆ. ಅಮೆರಿಕದ ಮಾದರಿಯಾದರೆ 110 ವೋಲ್ಟಿನದು, ನಮ್ಮ 230ಕ್ಕೆ ನೇರ ಚುಚ್ಚಿದರೆ ಹೀಟರ್ ಸುಟ್ಟುಹೋಗುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರಿನ ಖರ್ಚೂ ಸೇರಿಸಿಕೊಳ್ಳಿ.

ಚಿಕ್ಕ ಟೇಪ್ ಸ್ಪ್ಲೈಸರ್‌ಗಳು

ಕೊಡಾಕ್ ಪ್ರೆಸ್‌ಟೇಪ್, ಹಾಮಾದ ಸಿನೆಪ್ರೆಸ್, ಜಪಾನಿನ ಫೂಜಿ ಮಾದರಿಗಳು: ಅಂಗೈ ಅಗಲದ ಪ್ಲಾಸ್ಟಿಕ್. ತೂತು ಹೊಡೆದು ಅಳತೆಗೆ ಕತ್ತರಿಸಿದ ಟೇಪನ್ನು ಪಿನ್ನಿಗೆ ಸಿಕ್ಕಿಸಿ ಮಡಚುವುದು, ಅಷ್ಟೇ ಕೆಲಸ. ಕಲಿಯಲು ಹತ್ತು ನಿಮಿಷ ಸಾಕು. ವರ್ಷಕ್ಕೆ ಬೆರಳೆಣಿಕೆಯ ಜಾಯಿಂಟು ಹಾಕುವವರಿಗೆ ಇದಕ್ಕಿಂತ ಬೇರೆ ಬೇಡ. ಒಂದೇ ಷರತ್ತು, ಟೇಪು ತಾಜಾ ಇರಬೇಕು. ಸೀಲು ಒಡೆಯದ ಹಳೆಯ ಪೊಟ್ಟಣ ಎಂದು ಹೆಮ್ಮೆಯಿಂದ ಮಾರುವುದು ಎಂಬತ್ತರ ದಶಕದ ಸರಕು. ಅದರ ಅಂಟು ಕಾಗದಕ್ಕೇ ಉಳಿದು ಟೇಪು ಬರಿದಾಗಿ ಎದ್ದು ಬರುತ್ತದೆ, ಇಲ್ಲವೇ ಹಳದಿ ತಿರುಗಿ ಸೋರುತ್ತದೆ. ಈ ಬಗೆಯಲ್ಲಿ ವುರ್ಕರ್ ಒಳ್ಳೆಯದು. ತೂತಿರುವ ಟೇಪು ರೋಲಿನಲ್ಲಿ ಬರುತ್ತದೆ, ಜಾಯಿಂಟು ನೇರವಾಗಿ ಕೂರುತ್ತದೆ. ಆದರೆ ಅದರ ರೋಲೇ ಬೇಕು, ಸಿಐಆರ್‌ನ ಸಾದಾ ಟೇಪು ನಡೆಯದು.

ಸ್ಟೇಷನರಿ ಅಂಗಡಿಯ ಸೆಲ್ಲೋಟೇಪ್ ಮಾತ್ರ ಯಾವ ಕಾರಣಕ್ಕೂ ಬೇಡ. ನಮ್ಮ ಬೇಸಗೆಗೆ ಅದರ ಅಂಟು ಕರಗಿ ಪಕ್ಕದ ಸುತ್ತಿಗೆ ಹತ್ತುತ್ತದೆ, ರೀಲು ಬಿಚ್ಚುವಾಗ ಎಮಲ್ಷನ್ನನ್ನೇ ಕಿತ್ತುಕೊಂಡು ಬರುತ್ತದೆ.

3ಡಿ ಪ್ರಿಂಟರಿನಲ್ಲಿ ಮಾಡಿದ ಸ್ಪ್ಲೈಸರ್‌ಗಳೂ ಈಗ ಬಂದಿವೆ. ಫಿಲ್ಮು ಹಿಡಿದು ನೇರ ಇಡಲು ಪರವಾಗಿಲ್ಲ. ಪಿನ್ನೂ ಪ್ಲಾಸ್ಟಿಕ್ಕಿನದೇ ಆದರೆ ಬೇಡ: ಸೂಪರ್ 8ರ ತೂತು 1 ಮಿ.ಮೀ. ಆಸುಪಾಸಿನದು, ಅಷ್ಟು ಸಣ್ಣ ಪ್ಲಾಸ್ಟಿಕ್ ಮೊನೆ ಸರಿಯಾದ ಅಳತೆಗೆ ಬರುವುದೂ ಕಷ್ಟ, ಉಳಿಯುವುದೂ ಕಷ್ಟ. ಉಕ್ಕಿನ ಪಿನ್ನು ಕೂರಿಸಿದ್ದರೆ ಯೋಚಿಸಬಹುದು.

ಧ್ವನಿಯ ಪಟ್ಟಿ, ಕುಗ್ಗಿದ ಫಿಲ್ಮು

ಸೂಪರ್ 8ರ ಕಂದು ಬಣ್ಣದ ಮ್ಯಾಗ್ನೆಟಿಕ್ ಪಟ್ಟಿಯ ಮೇಲೆ ಟೇಪು ಬಂದರೆ ಪ್ರೊಜೆಕ್ಟರಿನ ಧ್ವನಿ ಓದುವ ಹೆಡ್ ತಾಗದೆ ಧ್ವನಿ ಅಲ್ಲಿ ಮುಳುಗುತ್ತದೆ. ಪಟ್ಟಿ ಬಿಟ್ಟು ಅಂಟುವ, ಅಗಲ ಕಡಿಮೆಯ ಟೇಪು ಬೇರೆಯೇ ಇದೆ. ಧ್ವನಿ ಚಿತ್ರಕ್ಕಿಂತ 18 ಫ್ರೇಮು ಮುಂದಿರುತ್ತದೆ ಎನ್ನುವುದೂ ನೆನಪಿರಲಿ. ಚಿತ್ರ ನೋಡಿ ಕತ್ತರಿಸಿದರೆ ಮಾತು ನಡುವೆ ಕತ್ತರಿಸಿಹೋಗುತ್ತದೆ. 16 ಎಂಎಂ ಆಪ್ಟಿಕಲ್‌ನಲ್ಲಿ ಈ ಅಂತರ 26 ಫ್ರೇಮು. ಮ್ಯಾಗ್ನೆಟಿಕ್ ಪಟ್ಟಿಯ ಫಿಲ್ಮಿನಲ್ಲಿ ಜಾಯಿಂಟಿನಲ್ಲೆಲ್ಲ ‘ಟಕ್’ ಎಂಬ ಸದ್ದು ಬಂದರೆ ಅಲಗು ಅಯಸ್ಕಾಂತವಾಗಿದೆ. ಡಿಮ್ಯಾಗ್ನೆಟೈಸರ್ ಆಡಿಸಿದರೆ ಹೋಗುತ್ತದೆ.

ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಡಿದರೆ ಅಸಿಟೇಟ್ ಕೊಳೆಯುತ್ತಿದೆ, ಕುಗ್ಗಿರಲೂಬಹುದು. ಒಂದು ಸ್ಪ್ಲೈಸರ್‌ನ ಪಿನ್ನುಗಳ ಮೇಲೆ ಹಾಕಿ ನೋಡಿ: ಮೊದಲ ಪಿನ್ನಿಗೆ ಕೂತು ಕೊನೆಯದಕ್ಕೆ ಕೂರದೆ ಉಬ್ಬಿದರೆ ಕುಗ್ಗಿದೆ. ಅಂಥದ್ದನ್ನು ಸಿಐಆರ್‌ನಲ್ಲಿ ಒತ್ತಿದರೆ ಪಂಚು ತೂತಿನ ಅಂಚನ್ನೇ ಕಚ್ಚಿಹಾಕುತ್ತದೆ. ತೂತಿರುವ ಟೇಪಿನ ತುಂಡನ್ನು ಕೈಯಿಂದ ಹಾಕಿ, ಹಲ್ಲುಚಕ್ರವಿಲ್ಲದ ಸ್ಕ್ಯಾನರಿನಲ್ಲಿ ಓಡಿಸುವುದು ಕ್ಷೇಮ. ಸ್ಟ್ಯಾಂಡರ್ಡ್ 8ರ ಮನೆ ರೀಲುಗಳಲ್ಲಿ ಇನ್ನೊಂದು ಜಾಗ ನೋಡಿ: 16 ಎಂಎಂ ಅಗಲದ 25 ಅಡಿ ಫಿಲ್ಮನ್ನು ಎರಡು ಸಲ ಓಡಿಸಿ, ಲ್ಯಾಬಿನಲ್ಲಿ ಉದ್ದುದ್ದ ಸೀಳಿ, 50 ಅಡಿಯಾಗಿ ಕೂಡಿಸುತ್ತಿದ್ದರು. ಸರಿಯಾಗಿ ನಡುವಿನ ಆ ಲ್ಯಾಬು ಬೆಸುಗೆಯೇ ಈಗ ಮೊದಲು ಬಿಡುವುದು. ಸ್ಕ್ಯಾನಿಗೆ ಮೊದಲೇ ಅದನ್ನು ಮೆಲ್ಲಗೆ ತಿರುಚಿ ಪರೀಕ್ಷಿಸಿ, ಬೇಕಿದ್ದರೆ ಮೇಲೆ ಟೇಪು ಹಾಕಿ.

ಎಲ್ಲಿ ಸಿಗುತ್ತದೆ, ಏನು ಕೇಳಬೇಕು

ನಮ್ಮಲ್ಲಿ ಹೆಚ್ಚಾಗಿ ಸಿಗುವುದು 35 ಎಂಎಂ ಯಂತ್ರ, ಮುಚ್ಚಿದ ಚಿತ್ರಮಂದಿರಗಳ ಪ್ರೊಜೆಕ್ಟರ್ ಕೋಣೆಯಿಂದ ಬಂದದ್ದು. ಸೂಪರ್ 8ರವರಿಗೆ ಅದು ಶೋಕೇಸಿನ ವಸ್ತು. 16 ಎಂಎಂ ಬೇಕಾದವರಿಗೆ ಸ್ವಲ್ಪ ಆಸೆಯಿದೆ. ಫಿಲ್ಮ್ಸ್ ಡಿವಿಷನ್ನಿನ ಸಾಕ್ಷ್ಯಚಿತ್ರಗಳನ್ನು ಊರೂರಿಗೆ ಒಯ್ದು ತೋರಿಸುತ್ತಿದ್ದ ಕ್ಷೇತ್ರ ಪ್ರಚಾರದ ಗಾಡಿಗಳಲ್ಲಿ ಇದ್ದದ್ದು ಆ ಗೇಜೇ. ಬೆಂಗಳೂರಿನ ಸಂಡೇ ಬಜಾರ್, ಮುಂಬೈಯ ಚೋರ್ ಬಜಾರ್‌ನಂಥ ಕಡೆ ಕೈಯಲ್ಲಿ ಹಿಡಿದು ನೋಡಬಹುದು ಎನ್ನುವುದೇ ದೊಡ್ಡ ಲಾಭ. ಹೋಗುವಾಗ ಜೇಬಿನಲ್ಲಿ ಒಂದು ಅಡಿ ಬೇಡದ ಫಿಲ್ಮು, ಒಂದು ಚಿಕ್ಕ ಭೂತಗನ್ನಡಿ ಇರಲಿ. ಫಿಲ್ಮು ಪಿನ್ನಿಗೆ ಒತ್ತಾಯವಿಲ್ಲದೆ ಕೂತು, ಬೆರಳಿಂದ ಅಲುಗಾಡಿಸಿದರೆ ಆಡದಿದ್ದರೆ ಪಿನ್ನು ಸರಿ. ಕತ್ತರಿಸಿದ ಅಂಚು ಕನ್ನಡಿಯಲ್ಲಿ ಗೆರೆ ಎಳೆದಂತಿದ್ದರೆ ಅಲಗು ಸರಿ. ಮೇಲಿನ ಬಣ್ಣ ಹೋಗಿದ್ದರೆ, ಮೈಯಲ್ಲಿ ತುಕ್ಕಿದ್ದರೆ ಚಿಂತೆಯಿಲ್ಲ. ಅಲಗಿನ ಅಂಚಿನಲ್ಲಿ, ಪಿನ್ನಿನ ಬುಡದಲ್ಲಿ ತುಕ್ಕಿದ್ದರೆ ಬಿಡಿ.

ಹೊರದೇಶದಿಂದ ತರಿಸುವುದಾದರೆ ತೂಕ ಕೇಳಿ. ಎರಕದ ಯಂತ್ರಕ್ಕೆ ಅಂಚೆ ಖರ್ಚು ಮತ್ತು ಕಸ್ಟಮ್ಸ್ ಸುಂಕ ಸೇರಿ ಯಂತ್ರದ ಬೆಲೆಯನ್ನೇ ಮೀರುವುದುಂಟು. ಪ್ಲಾಸ್ಟಿಕ್ ಸ್ಪ್ಲೈಸರ್‌ಗೆ ಆ ತೊಂದರೆ ಕಡಿಮೆ. ಯಂತ್ರದ ಜೊತೆಗೇ ಎರಡು ರೋಲು ತಾಜಾ ಟೇಪು ಒಂದೇ ಪೊಟ್ಟಣದಲ್ಲಿ ಹಾಕಿಸಿಕೊಳ್ಳಿ, ಇಲ್ಲವಾದರೆ ಆಮೇಲೆ ರೋಲೊಂದಕ್ಕೇ ಮತ್ತೆ ಅಂಚೆ ಖರ್ಚು ತೆರಬೇಕಾಗುತ್ತದೆ. ಕಾರಿನಲ್ಲಿ, ಬಿಸಿಲಿನ ಕಿಟಕಿಯಲ್ಲಿ ಇಡದೆ ಮುಚ್ಚಳದ ಡಬ್ಬಿಯಲ್ಲಿ ತಂಪು ಜಾಗದಲ್ಲಿಟ್ಟರೆ ಟೇಪು ವರ್ಷಗಟ್ಟಲೆ ಬಾಳುತ್ತದೆ.

ಯಂತ್ರ ಮನೆಗೆ ಬಂದ ದಿನ ಒಳ್ಳೆಯ ಫಿಲ್ಮಿಗೆ ಕೈಹಾಕಬೇಡಿ. ಪಿನ್ನು, ಕಾಲುವೆ, ಒತ್ತುಹಲಗೆಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಹಳೆಯ ಅಂಟಿನ ಕರೆಯೇ ಎಷ್ಟೋ ‘ಕೆಟ್ಟ’ ಯಂತ್ರಗಳ ರೋಗ. ಸಿಐಆರ್ ಆದರೆ ತಲೆಕೆಳಗು ಮಾಡಿ ತಟ್ಟಿ, ಪಂಚಿನ ಕೆಳಗೆ ತುಂಬಿಕೊಂಡ ಟೇಪಿನ ಚುಕ್ಕೆಗಳನ್ನು ಉದುರಿಸಿ. ಆಮೇಲೆ ಬೇಡದ ಫಿಲ್ಮಿಗೆ ಸಾಲಾಗಿ ಐದು ಜಾಯಿಂಟು ಹಾಕಿ, ಪ್ರೊಜೆಕ್ಟರಿನ ಗುಬ್ಬಿಯನ್ನು ಕೈಯಲ್ಲೇ ತಿರುಗಿಸುತ್ತಾ ಗೇಟು ದಾಟಿಸಿ. ಐದರಲ್ಲಿ ಒಂದೇ ಸಿಕ್ಕಿಕೊಂಡರೆ ತಪ್ಪು ಬಹುಶಃ ಕೈಯದು. ಐದೂ ಒಂದೇ ಕಡೆ ಸಿಕ್ಕಿಕೊಂಡರೆ ಯಂತ್ರದ್ದು. ವಾಪಸು ಕಳಿಸುವ ಗಡುವು ಮುಗಿಯುವ ಮೊದಲೇ ಮಾರಿದವರಿಗೆ ಫೋಟೊ ಕಳಿಸಿ.